ಊಟ ಬಲ್ಲವರು, ಮಾತು ಬಲ್ಲವರು
(ಮುಂಬಯಿಯಲ್ಲಿ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಯೋಗಾಚಾರ್ಯನೂ ಅಲ್ಲ. ಈ ಊರಿನ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಆರೋಗ್ಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಆರೋಗ್ಯ ಕೆಡಿಸಿಕೊಂಡವನ ಅನುಭವಕ್ಕೂ ಒಂದಿಷ್ಟು ಬೆಲೆಯಿದ್ದೀತೆಂದು ಧೈರ್ಯ ಮಾಡಿ ನಿಂತಿದ್ದೇನೆ.

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆ ತಮಗೆಲ್ಲ ತಿಳಿದದ್ದೇ. ಹಿರಿಯರು ಊಟವನ್ನೂ ಮಾತನ್ನೂ ಜೊತೆಯಾಗಿ ಹೇಳಿದ್ದರಲ್ಲಿ ಅರ್ಥವಿದೆ. ಒಂದು ದೇಹವನ್ನು ಕಾಯುತ್ತದೆ, ಮತ್ತೊಂದು ಮನಸ್ಸನ್ನು. ನಮ್ಮ ಮನೆಯಲ್ಲಾದರೋ, ಪಟ್ಟಣ ಸೇರಿದ ಮೇಲೆ ಊಟ ಅಳತೆ ಮೀರಿತು. ಮಾತು ಅಳತೆಗಿಂತ ತಗ್ಗಿತು.

ಮೊದಲು ಊಟದ ಮಾತು. ತುಮಕೂರು ಸೀಮೆಯ ನಮ್ಮ ತಂದೆಯವರು ಹೊತ್ತು ಮುಳುಗುವವರೆಗೆ ಹೊಲದಲ್ಲಿ ದುಡಿದು ಉಣ್ಣುತ್ತಿದ್ದರು. ನಾನು ಅವರ ಊಟವನ್ನು ಉಳಿಸಿಕೊಂಡೆ. ದುಡಿಮೆಯನ್ನು ಊರಿನಲ್ಲೇ ಬಿಟ್ಟು ಬಂದೆ. ಲೋಕಲ್ ರೈಲಿನಲ್ಲಿ ಜೋತಾಡುವುದನ್ನೇ ವ್ಯಾಯಾಮವೆಂದು ಬಗೆದಿದ್ದೆ. ಊರಿನಿಂದ ಉಪ್ಪಿನಕಾಯಿಯ ಜಾಡಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಬಂದರೆ ಊರೇ ಮನೆಗೆ ಬಂದಷ್ಟು ಸಂತೋಷ! ಐವತ್ತೆರಡನೆಯ ವಯಸ್ಸಿನಲ್ಲಿ ಒಮ್ಮೆ ರಕ್ತದೊತ್ತಡ ಅಳೆಸಿದಾಗ 170/100 ಇತ್ತು. ತಲೆನೋವಿರಲಿಲ್ಲ, ತಲೆಸುತ್ತೂ ಇರಲಿಲ್ಲ. ಬಹಳ ಜನರಲ್ಲಿ ಈ ರೋಗ ಸದ್ದಿಲ್ಲದೆ ಇರುತ್ತದೆ. ಅಳೆಸಿದ ಹೊರತು ತಿಳಿಯದು.

ವೈದ್ಯರು ಮಾತ್ರೆಯೊಡನೆ ಎರಡು ಲೆಕ್ಕ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಎಂದರೆ ಒಂದು ಟೀ ಚಮಚದಷ್ಟು. ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲವೂ ಅದರೊಳಗೇ. ಎರಡನೆಯದು, ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ. ಐದು ದಿನ ಅರ್ಧ ಅರ್ಧ ಗಂಟೆ ನಡೆದರೆ ಲೆಕ್ಕ ಸರಿಹೋಗುತ್ತದೆ. ಉಪ್ಪಿನಕಾಯಿಯ ಜಾಡಿಯನ್ನು ಮನೆಯಾಕೆ ಮೇಲಿನ ಅಟ್ಟಕ್ಕೇರಿಸಿದಳು. ನಡಿಗೆಯನ್ನು ಮಾತ್ರ ನಾನು ನಾಳೆ ನಾಳೆ ಎಂದು ಮುಂದೂಡುತ್ತಲೇ ಬಂದೆ.

ಆ ವರ್ಷವೇ ತಂದೆಯವರು ತೀರಿಕೊಂಡರು. ತಾಯಿಯವರನ್ನು ಇಲ್ಲಿಗೆ ಕರೆತಂದೆ. ಊರಿನ ಜಗುಲಿಯಲ್ಲಿ ಕುಳಿತು ಹೋಗುವವರು ಬರುವವರನ್ನೆಲ್ಲ ಮಾತನಾಡಿಸುತ್ತಿದ್ದ ಜೀವ ನಾಲ್ಕನೆಯ ಮಹಡಿಯ ಕಿಟಕಿಯ ಬಳಿ ಕುಳಿತಿತು. ನಾವು ಗಂಡಹೆಂಡಿರು ಕೆಲಸಕ್ಕೆ, ಮಕ್ಕಳು ಓದಿಗೆ. ಮರಾಠಿ, ಹಿಂದಿ ಅವರಿಗೆ ಬಾರದು. ಆರು ತಿಂಗಳಲ್ಲಿ ಅನ್ನ ಸೇರದಾಯಿತು, ನಿದ್ರೆ ದೂರವಾಯಿತು. “ಅಮ್ಮಾ, ನಿನಗಿಲ್ಲಿ ಏನು ಕಡಿಮೆಯಾಗಿದೆ?” ಎಂದು ಒಂದು ದಿನ ಗದರಿಯೂ ಬಿಟ್ಟೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ವೈದ್ಯರು ಕೇಳಿದರು: “ಇವರು ಹಗಲೆಲ್ಲ ಯಾರೊಡನೆ ಮಾತನಾಡುತ್ತಾರೆ?” ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನದಿಂದ ಸಂಜೆ ಅವರನ್ನು ಮಾಟುಂಗದ ಫೈವ್ ಗಾರ್ಡನ್ಸಿಗೆ ಕರೆದೊಯ್ಯತೊಡಗಿದೆ. ಅವರನ್ನು ಬೆಂಚಿನ ಮೇಲೆ ಕೂರಿಸಿ ನಾನು ಸುತ್ತು ಹಾಕುತ್ತಿದ್ದೆ. ಕೆಲವು ದಿನಗಳಲ್ಲಿ ಧಾರವಾಡದ ಕಡೆಯ ಅಜ್ಜಿಯೊಬ್ಬರ ಜೊತೆ ದೊರೆಯಿತು. ಹುರಿಗಡಲೆಯನ್ನು ಅವರು ‘ಪುಠಾಣಿ’ ಎಂದರೆ ನಮ್ಮ ತಾಯಿಗೆ ನಗು. ಇವರ ‘ತಿಂಡಿ’ ಅವರಿಗೆ ನಗು. ತಿಂಗಳು ಕಳೆಯುವುದರೊಳಗೆ ತಾಯಿಯವರು ಒಂದು ರಾತ್ರಿ ತಾವಾಗಿಯೇ ಇನ್ನೊಂದು ಸೌಟು ಸಾರು ಕೇಳಿದರು. ಅವರು ಕಾಯುತ್ತಾರೆಂಬ ಕಾರಣಕ್ಕೆ ನನ್ನ ನಡಿಗೆಯೂ ತಪ್ಪಲಿಲ್ಲ. ಕ್ರಮೇಣ ಒತ್ತಡವೂ ಹತೋಟಿಗೆ ಬಂತು. ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ಬಿಟ್ಟವನಲ್ಲ. ತಾಯಿಯವರು ಇನ್ನೂ ಆರು ವರ್ಷ ನಮ್ಮೊಡನಿದ್ದರು.

ಮಾತೊಂದೇ ಸರ್ವರೋಗಕ್ಕೂ ಮದ್ದೆಂದು ನಾನು ಹೇಳುತ್ತಿಲ್ಲ. ಮನಸ್ಸಿನ ಕುಗ್ಗು ವಾರ ಎರಡು ವಾರ ಕಳೆದರೂ ಬಿಡದಿದ್ದರೆ ನಾಚಿಕೆಪಡದೆ ವೈದ್ಯರಿಗೆ ತೋರಿಸಬೇಕು. ಆದರೆ ಒಳ್ಳೆಯ ಅಭ್ಯಾಸ ಒಂಟಿಯಾಗಿ ನಿಲ್ಲುವುದು ಕಷ್ಟ, ಜೊತೆಯಿದ್ದರೆ ಬೇರೂರುತ್ತದೆ. ಇದು ನಾನು ಕಂಡ ಸತ್ಯ.

ಕಡೆಯದಾಗಿ ಒಂದು ಬಿನ್ನಹ. ಈ ಸಭೆಯಿಂದ ಮನೆಗೆ ಹೋದವರು ನಿಮ್ಮ ಕಟ್ಟಡದಲ್ಲಿ, ಪಕ್ಕದ ಬೀದಿಯಲ್ಲಿ ಕಿಟಕಿಯ ಬಳಿ ಕುಳಿತ ಕನ್ನಡದ ಹಿರಿಯರು ಯಾರಿದ್ದಾರೆಂದು ವಿಚಾರಿಸಿ. ನಾಳೆ ಸಂಜೆ ಅವರನ್ನು ಕರೆದುಕೊಂಡು ಅರ್ಧ ಗಂಟೆ ಹೊರಗೆ ಹೋಗಿಬನ್ನಿ. ಅವರಿಗೆ ಮಾತಾಯಿತು, ನಿಮಗೆ ನಡಿಗೆಯಾಯಿತು.