ಕಕ್ಕಡದ ಭಾನುವಾರದೂಟ

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕೊಡಗಿನಲ್ಲಿ ಕಕ್ಕಡ ಮಾಸ, ಜಡಿಮಳೆಯ ಕಾಲ. ಆ ದಿನಗಳಲ್ಲಿ ವಾರಾಂತ್ಯಕ್ಕೆ ಗೆಳೆಯರ ಮನೆಗೆ ಹೋದರೆ ಮಾತುಕತೆ ಶುರುವಾಗುವುದು ತೋಟದ ಅಂಚಿನಲ್ಲೇ. ಗೆದ್ದಲು ಹುತ್ತದ ಸುತ್ತ ಅಣಬೆ ಎದ್ದಿರುತ್ತದೆ. ಗೆದ್ದಲುಗಳು ನೆಲದೊಳಗೆ ಸಾಕಿದ ಶಿಲೀಂಧ್ರವೇ ಹೀಗೆ ಮೇಲೆ ಬಂದು ಕೊಡೆ ಬಿಚ್ಚುವುದು. ಬಲ್ಲ ಹಿರಿಯರು ಬುಡ ಕೆದಕುತ್ತಾರೆ, ಮೂಸುತ್ತಾರೆ, ಕೊಂಚ ಅನುಮಾನ ಬಂದರೂ ಅಲ್ಲೇ ಬಿಡುತ್ತಾರೆ. ಫೋನಿನ ಚಿತ್ರ ನಂಬಿ ಯಾರೂ ಕಾಡಣಬೆ ತಿನ್ನಬಾರದು, ಇದನ್ನು ಒತ್ತಿ ಹೇಳುತ್ತೇನೆ.

ಅಣಬೆಗೆ ಎಚ್ಚರ ಬೇಕಾದರೆ, ಕಳಲೆಗೆ ತಾಳ್ಮೆ ಬೇಕು. ಎಳೆಬಿದಿರಿನ ಸಿಪ್ಪೆ ಪದರಪದರವಾಗಿ ಸುಲಿದು, ತೆಳ್ಳಗೆ ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ಚೆನ್ನಾಗಿ ಬೇಯಿಸಿದರೇನೇ ಅದರ ವಿಷದ ಅಂಶ ಇಳಿಯುವುದು. ಹಾಗಾಗಿ ಶುಕ್ರವಾರ ಸಂಜೆ ನೆನೆಹಾಕಿದ್ದು ಭಾನುವಾರದ ಊಟಕ್ಕೆ. ನನಗೆ ಆ ನಡುವಿನ ಹೊತ್ತೇ ಇಷ್ಟ. ಒಬ್ಬರು ತೆಂಗಿನಕಾಯಿ ತುರಿಯುತ್ತಾರೆ, ಇನ್ನೊಬ್ಬರು ಅಕ್ಕಿರೊಟ್ಟಿ ತಟ್ಟುತ್ತಾರೆ, ಮನೆಯ ಹಿರಿಯರು ತಾವೇ ಮಾಡಿದ ದ್ರಾಕ್ಷಿ ವೈನನ್ನು ಪುಟ್ಟ ಲೋಟಗಳಿಗೆ ಸುರಿಯುತ್ತಾರೆ. ಕೊಡಗಿನ ಮನೆಗಳಲ್ಲಿ ವೈನ್ ಮಾಡುವುದು ಉಪ್ಪಿನಕಾಯಿ ಹಾಕಿದಷ್ಟೇ ಸಹಜ. ಗುಟುಕು ಗುಟುಕಾಗಿ ಕುಡಿದರೆ ಅದೂ ಊಟದ ಒಂದು ಭಾಗ.

ಕಕ್ಕಡದ 18ನೇ ದಿನವಂತೂ ಮದ್ದು ಸೊಪ್ಪಿನದು. ಅಂದು ಅದರಲ್ಲಿ 18 ಬಗೆಯ ಔಷಧ ಸೇರಿರುತ್ತದೆಂಬುದು ಹಿರಿಯರ ನಂಬಿಕೆ. ಹಸಿರು ಸೊಪ್ಪನ್ನು ಕುದಿಸಿದರೆ ನೀರು ಗಾಢ ನೇರಳೆಗೆ ತಿರುಗುತ್ತದೆ. ಆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿ ಹಾಕಿದ ಪಾಯಸವನ್ನು ಗೆಳೆಯರೆಲ್ಲ ಎರಡೆರಡು ಸಲ ಬಡಿಸಿಕೊಳ್ಳುತ್ತಾರೆ.