ಮಾದಪ್ಪನ ಹಾಡು: ಪುರಾಣವನ್ನು ಅರಿಯುವ ದಾರಿ



ಪುರಾಣದ ಮಾತೆತ್ತಿದೊಡನೆ ನಮ್ಮಲ್ಲಿ ಎರಡು ಪಕ್ಷಗಳಾಗುತ್ತವೆ. ಅದೆಲ್ಲ ನಡೆದದ್ದೇ ಎಂದು ಸಾಧಿಸಲು ಒಂದು ಪಕ್ಷ ಇಸವಿ, ಶಾಸನಗಳನ್ನು ಹುಡುಕುತ್ತದೆ. ಬರೀ ಕಟ್ಟುಕಥೆ ಎಂದು ಇನ್ನೊಂದು ಪಕ್ಷ ತಳ್ಳಿಹಾಕುತ್ತದೆ. ಇಬ್ಬರಿಗೂ ಕಥೆಯನ್ನು ಕೂತು ಕೇಳುವ ವ್ಯವಧಾನವಿಲ್ಲ. ಒಂದು ಪುರಾಣ ಯಾರು ಯಾರ ನಡುವಿನ ಸಂಬಂಧವನ್ನು ಹೇಳುತ್ತಿದೆ, ಆ ಸಂಬಂಧ ಇಂದು ಏನಾಗಿದೆ? ಅಧ್ಯಯನ ಶುರುವಾಗಬೇಕಾದದ್ದು ಈ ಪ್ರಶ್ನೆಯಿಂದ. ಈ ಮಾತನ್ನು ಮಲೆ ಮಹದೇಶ್ವರನ ಕಾವ್ಯವನ್ನು ಮುಂದಿಟ್ಟುಕೊಂಡು ವಿವರಿಸಲು ಇಚ್ಛಿಸುತ್ತೇನೆ.

ದುಡಿದ ದೇವರು

ಚಾಮರಾಜನಗರ ಜಿಲ್ಲೆಯ ಏಳುಮಲೆಯ ಒಡೆಯ ಮಹದೇಶ್ವರ ಜನರ ಬಾಯಲ್ಲಿ ಮಾದಪ್ಪ. ಕಂಸಾಳೆ ಎಂಬ ತಾಳ ಹಿಡಿದ ದೇವರಗುಡ್ಡರು ಅವನ ಕಥೆಯನ್ನು ‘ಸಾಲು’ ಎಂಬ ಭಾಗಗಳಾಗಿ ರಾತ್ರಿಯಿಡೀ ಹಾಡುತ್ತಾರೆ. 1973ರಲ್ಲಿ ಪಿ.ಕೆ. ರಾಜಶೇಖರ ಅವರು ಈ ಕಾವ್ಯವನ್ನು ಸಂಪಾದಿಸಿ ಪ್ರಕಟಿಸಿದರು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಕೇಶವನ್ ಪ್ರಸಾದ್ ಅವರ ಸಂಪಾದನೆಯಲ್ಲಿ ಇನ್ನೊಂದು ಪಾಠ ಬಂತು.

ಕಾವ್ಯದಲ್ಲಿ ಉತ್ತರಾಜಮ್ಮನ ಮಗನಾದ ಈ ಮಾದಪ್ಪ ಸುತ್ತೂರು ಮಠಕ್ಕೆ ಬಂದಾಗ ಅವನ ಪಾಲಿಗೆ ಬಂದದ್ದು ರಾಗಿ ಬೀಸುವ ಕೆಲಸ. ಮುಂದೆ ಅವನು ಎದುರಿಸುವ ಶ್ರವಣ ದೊರೆಯಾದರೋ ದೇವತೆಗಳನ್ನೇ ಸೆರೆಯಲ್ಲಿಟ್ಟು ಚಾಕರಿ ಮಾಡಿಸಿಕೊಳ್ಳುವವನು. ಮಾದಪ್ಪ ಸೈನ್ಯ ಕಟ್ಟಿಕೊಂಡು ಹೋಗಲಿಲ್ಲ. ಶ್ರವಣನು ಅರಗಿನ ಪಾದರಕ್ಷೆ ಮೆಟ್ಟುವಂತೆ ಮಾಡಿ, ಬೆಂಕಿಯಿಂದ ಅವನನ್ನು ಮುಗಿಸಿದ. ಬೀಸುವ ಕಲ್ಲಿನ ಮುಂದೆ ಕೂತವರು, ಇನ್ನೊಬ್ಬರ ಹೊಲದಲ್ಲಿ ದುಡಿದವರು, ಚರ್ಮ ಹದ ಮಾಡಿದವರು ಈ ಹಾಡಿನಲ್ಲಿ ತಮ್ಮನ್ನು ಕಂಡುಕೊಂಡರು. ಬಿಟ್ಟಿ ದುಡಿಸಿಕೊಳ್ಳುವವನ ಅಧಿಕಾರ ಶಾಶ್ವತವಲ್ಲ ಎಂಬ ತಿಳಿವನ್ನು ನಿರಕ್ಷರಿಗಳೆನಿಸಿಕೊಂಡ ಗಾಯಕರು ಪೀಳಿಗೆಯಿಂದ ಪೀಳಿಗೆಗೆ ಕಾಪಾಡಿಕೊಂಡು ಬಂದಿದ್ದಾರೆ.

ವಿದ್ವಾಂಸರು ಕೊಟ್ಟ ಕಣ್ಣು

ಪುರಾಣಶಾಸ್ತ್ರದ ಮೂರು ದಾರಿಗಳು ಇಲ್ಲಿ ನೆರವಾಗುತ್ತವೆ. ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರೊಡನೆ ಬದುಕಿದ ಮಾನವಶಾಸ್ತ್ರಜ್ಞ ಮ್ಯಾಲಿನೋವ್‌ಸ್ಕಿ, ಪುರಾಣವು ಒಂದು ಸಮುದಾಯದ ಹಕ್ಕುಬಾಧ್ಯತೆಗಳಿಗೆ ಆಧಾರಪತ್ರವಿದ್ದಂತೆ ಎಂದು 1926ರಲ್ಲಿ ವಾದಿಸಿದರು. ಮಾದಪ್ಪನ ಕಾವ್ಯಕ್ಕೂ ಈ ಮಾತು ಒಪ್ಪುತ್ತದೆ. ಅವನ ಬೆಟ್ಟದಲ್ಲಿ ಪೂಜೆ ಮಾಡುವವರು ಬೇಡಗಂಪಣರು, ಕಾಡಿನ ಒಕ್ಕಲು ಸೋಲಿಗರು, ಹಾಡುವವರು ದೇವರಗುಡ್ಡರು. ಯಾರಿಗೆ ಯಾವ ಸೇವೆ, ಅದು ಏಕೆ ಬಂತು ಎಂಬುದಕ್ಕೆ ಕಾವ್ಯದಲ್ಲಿ ಒಂದೊಂದು ಪ್ರಸಂಗವಿದೆ.

1955ರಲ್ಲಿ ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ ಇನ್ನೊಂದು ಮಾತು ಸೇರಿಸಿದರು: ಪುರಾಣಕ್ಕೆ ಮೂಲಪಾಠವೆಂಬುದಿಲ್ಲ, ಎಲ್ಲ ಪಾಠಗಳೂ ಸೇರಿಯೇ ಪುರಾಣ. ಮಾದಪ್ಪ ಯಾರ ಮಗ, ಯಾವ ಕುಲದವನು ಎಂಬ ಬಗ್ಗೆ ಬೇರೆ ಬೇರೆ ಸಮುದಾಯಗಳು ಬೇರೆ ಬೇರೆ ರೀತಿ ಹೇಳುತ್ತವೆ. ಅವುಗಳಲ್ಲಿ ಒಂದನ್ನು ಗೆಲ್ಲಿಸಿ ಉಳಿದವನ್ನು ಅಳಿಸಿದರೆ ಅಧ್ಯಯನ ಅಲ್ಲಿಗೇ ನಿಂತಿತು. ಪ್ರತಿಯೊಬ್ಬರೂ ಅವನನ್ನು ನಮ್ಮವನು ಎನ್ನುತ್ತಿರುವುದೇ ನಾವು ಅರ್ಥಮಾಡಿಕೊಳ್ಳಬೇಕಾದ ಸಂಗತಿ.

ಮೂರನೆಯವರು ಇತಿಹಾಸಕಾರ ಡಿ.ಡಿ. ಕೋಸಾಂಬಿ. 1962ರ ತಮ್ಮ ‘ಮಿಥ್ ಅಂಡ್ ರಿಯಾಲಿಟಿ’ ಗ್ರಂಥಕ್ಕಾಗಿ ಅವರು ಗ್ರಂಥಾಲಯವನ್ನಷ್ಟೇ ನೆಚ್ಚಲಿಲ್ಲ. ಹಳ್ಳಿಯ ದೈವಗಳ ನೆಲೆಗಳಿಗೂ ಹಳೆಯ ಕಾಲುದಾರಿಗಳಿಗೂ ನಡೆದು ಹೋದರು. ಮಾದಪ್ಪನ ಕಾವ್ಯವನ್ನು ಓದುವವರೂ ಬಯಲು ಬಿಟ್ಟು ಮಲೆ ಹತ್ತಬೇಕು.

ಸಂಕಮ್ಮನ ಪ್ರಶ್ನೆ

ಕಾವ್ಯದ ಅತ್ಯಂತ ಮುಖ್ಯ ಭಾಗ ನನ್ನ ದೃಷ್ಟಿಯಲ್ಲಿ ಸಂಕಮ್ಮನ ಸಾಲು. ಸೋಲಿಗರ ನೀಲೇಗೌಡ ಕಾಡಿಗೆ ಹೊರಟಿದ್ದಾನೆ. ಹೆಂಡತಿಯ ಮೇಲೆ ಅವನಿಗೆ ಅನುಮಾನ. ತಾನು ಬರುವವರೆಗೂ ಶೀಲ ಕಾಯ್ದುಕೊಳ್ಳುವೆನೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಹಿಂಸೆ ಅನುಭವಿಸುತ್ತಾಳೆ, ಬಂಧನದಲ್ಲಿ ನರಳುತ್ತಾಳೆ, ಭಾಷೆ ಮಾತ್ರ ಕೊಡುವುದಿಲ್ಲ. ಕೊನೆಗೆ ಮಾದಪ್ಪ ಬಂದು ಅವಳನ್ನು ಬಿಡಿಸಿ ಮಕ್ಕಳ ಫಲ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಎಂಬ ಅವಳಿ ಮಕ್ಕಳು ಹುಟ್ಟುತ್ತಾರೆ.

ದೇವರು ಇಲ್ಲಿ ನಿಂತದ್ದು ಗಂಡನ ಪಕ್ಕದಲ್ಲಲ್ಲ, ಭಾಷೆ ಕೊಡಲೊಲ್ಲದ ಹೆಂಗಸಿನ ಪಕ್ಕದಲ್ಲಿ. ನಂಬಿಕೆಯಿರುವಲ್ಲಿ ಆಣೆ ಬೇಕಿಲ್ಲ, ನಂಬಿಕೆಯಿಲ್ಲದಲ್ಲಿ ಆಣೆಗೆ ಬೆಲೆಯಿಲ್ಲ ಎಂಬ ಅರ್ಥವನ್ನು ನಾನು ಈ ಸಾಲಿನಲ್ಲಿ ಕಾಣುತ್ತೇನೆ. ಹೆಂಡತಿಯ ಫೋನ್ ತೆಗೆದು ನೋಡುವ, ಅವಳು ಎಲ್ಲಿದ್ದಾಳೆಂದು ಗಳಿಗೆಗೊಮ್ಮೆ ವಿಚಾರಿಸುವ ಗಂಡಂದಿರು ಇಂದಿಗೂ ನಮ್ಮ ನಡುವೆ ಇದ್ದಾರೆ. ಸಂಕಮ್ಮನ ಸಾಲನ್ನು ಕಾಲೇಜಿನ ತರಗತಿಯಲ್ಲಿ ಓದಿಸಿದರೆ ಆಧುನಿಕ ಸಮಾಜದಲ್ಲಿ ಪುರಾಣಕ್ಕೆ ಏನರ್ಥ ಎಂದು ಯಾರೂ ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.

ಹುಲಿಯೂ ವಿಗ್ರಹವೂ

ಇನ್ನು ನೋವಿನ ಸಂಗತಿ. ಮಾದಪ್ಪನ ವಾಹನ ಹುಲಿ. ಹುಲಿಯೇರಿದ ಅವನ 108 ಅಡಿ ಎತ್ತರದ ಪ್ರತಿಮೆ 2023ರಲ್ಲಿ ಬೆಟ್ಟದಲ್ಲಿ ಅನಾವರಣಗೊಂಡಿತು. 2025ರ ಜೂನ್‌ನಲ್ಲಿ ಅದೇ ಬೆಟ್ಟದ ಸುತ್ತಲಿನ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ನಾಲ್ಕು ಮರಿಗಳೂ ವಿಷಕ್ಕೆ ಬಲಿಯಾದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು.

ಈ ಘಟನೆಯನ್ನು ಜನರ ಭಕ್ತಿ ಕುಸಿಯಿತು ಎಂದು ಓದುವುದು ಸುಲಭ, ಅದು ಸಾಲದು. ಕಾವ್ಯದಲ್ಲಿ ದೇವರು, ಹುಲಿ, ದನ, ಸೋಲಿಗ ಎಲ್ಲರೂ ಒಂದೇ ಕಾಡಿನ ಒಕ್ಕಲು. ಇಂದು ಕಾಡು ಒಂದು ಇಲಾಖೆಯದು, ದೇವಸ್ಥಾನ ಇನ್ನೊಂದು ಆಡಳಿತದ್ದು, ದನ ಕಳೆದುಕೊಂಡ ನಷ್ಟ ಮಾತ್ರ ಬಡವನದು. ಸಂಬಂಧ ಹೀಗೆ ಹರಿದುಹೋದ ಮೇಲೆ ಪುರಾಣವೊಂದೇ ಹುಲಿಯನ್ನು ಉಳಿಸಲಾರದು. ದನ ಸತ್ತವನಿಗೆ ಪರಿಹಾರ ಬೇಗ ಸಿಗಬೇಕು, 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಮಕ್ಕಳಿಗೆ ಪೂರ್ತಿ ದಕ್ಕಬೇಕು. ಇವುಗಳ ಜೊತೆಗೆ ಹಾಡೂ ಉಳಿದರೆ ಹುಲಿಗೆ ಗೌರವ ಮರಳೀತು. ಪ್ರತಿಮೆಯ ಎತ್ತರದಿಂದ ಪುರಾಣದ ಆರೋಗ್ಯವನ್ನು ಅಳೆಯಲಾಗದು.

ವಿದ್ಯಾರ್ಥಿಗಳಿಗೆ ಒಂದು ಮಾತು

ಪುರಾಣದ ಅಧ್ಯಯನ ಮುಗಿದುಹೋದ ಕಾಲದ ಅಧ್ಯಯನವಲ್ಲ. ಹಾಡುವ ಹಿರಿಯರು ಇನ್ನೂ ಇದ್ದಾರೆ. ಅವರ ಬಳಿಗೆ ಹೋಗಿ. ಅಚ್ಚಾದ ಪಾಠಕ್ಕೆ ಹೊಂದದ ಸಾಲು ಕೇಳಿಸಿದರೆ ಅದನ್ನು ತಿದ್ದಬೇಡಿ. ಹಾಗೆಯೇ ದಾಖಲಿಸಿ, ಯಾರು ಯಾವ ಊರಿನಲ್ಲಿ ಯಾವ ಸಂದರ್ಭದಲ್ಲಿ ಹಾಡಿದರೆಂದು ಬರೆದಿಡಿ. ದಾಖಲಿಸಿದ್ದರ ಒಂದು ಪ್ರತಿಯನ್ನು ಹಾಡಿದವರ ಮನೆಗೇ ತಲುಪಿಸಿ. ವಿಶ್ವವಿದ್ಯಾಲಯಗಳು ಪ್ರಬಂಧಗಳಿಗೆ ಕೊಡುವ ಮನ್ನಣೆಯನ್ನು ದೇವರಗುಡ್ಡರಿಗೂ ಕೊಡಲಿ, ಅವರನ್ನು ತರಗತಿಗೆ ಗುರುಗಳಾಗಿ ಕರೆಸಲಿ. ಈ ದತ್ತಿ ಉಪನ್ಯಾಸಮಾಲೆಯ ಮುಂದಿನ ಉಪನ್ಯಾಸಗಳಲ್ಲಿ ಒಂದನ್ನಾದರೂ ಒಬ್ಬ ಕಂಸಾಳೆ ಗಾಯಕರಿಗೆ ಒಪ್ಪಿಸಬೇಕೆಂದು ಸಂಘಟಕರಲ್ಲಿ ವಿನಂತಿಸುತ್ತೇನೆ.