ನಕಲಿನಲ್ಲಿ ಅಸಲಿನ ದೋಷವೂ ಇರಬೇಕು

(ಪುರವರದಲ್ಲಿ ವಿದ್ಯಾರ್ಥಿಗಳು ಹಾಗೂ ಊರಿನವರ ಮುಂದೆ ಆಡಿದ ಮಾತುಗಳ ಬರಹರೂಪ)



ವಿಡಿಯೋ ಗೇಮ್ ಬಗ್ಗೆ ಮಾತನಾಡುತ್ತೇನೆ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ, 'ಓದೋ ಹುಡುಗರಿಗೆ ಇದೆಲ್ಲ ಯಾಕಪ್ಪಾ' ಎಂದು ಗೊಣಗಿದ್ದು ಕೇಳಿಸಿತು. ಅವರ ಆತಂಕ ಸಹಜವೇ. ಆಟ ಆಡಿ ಎಂದು ಹೇಳಲು ನಾನು ಬಂದಿಲ್ಲ. ಒಂದು ವಸ್ತುವಿನ ನಕಲನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯನ್ನು ನಿಮ್ಮ ಮುಂದಿಡಲು ಬಂದಿದ್ದೇನೆ. ಅದಕ್ಕೆ ಆಟ ಒಂದು ನೆಪ.

ನನ್ನ ಅನುಭವದಿಂದಲೇ ಆರಂಭಿಸುತ್ತೇನೆ. ಚಿಕ್ಕಂದಿನಲ್ಲಿ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಹಠ ಹಿಡಿದು ಅಪ್ಪನಿಂದ ಒಂದು ಟಿ.ವಿ. ಗೇಮ್ ಕೊಡಿಸಿಕೊಂಡಿದ್ದೆ. ಅದರ ಕ್ಯಾಸೆಟ್‌ನಲ್ಲಿ 'ಡಾಂಕಿ ಕಾಂಗ್' ಎಂಬ ಆಟವಿತ್ತು. ಮೇಲೆ ನಿಂತ ಗೊರಿಲ್ಲಾ ಪೀಪಾಯಿ ಉರುಳಿಸುತ್ತದೆ, ನಾವು ಹಾರಿ ತಪ್ಪಿಸಿಕೊಂಡು ಏಣಿ ಹತ್ತಬೇಕು. ಒಟ್ಟು ಮೂರು ಹಂತ. ಮುಂದೆ ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಗೆಳೆಯನ ಕಂಪ್ಯೂಟರಿನಲ್ಲಿ ಅದೇ ಆಟ ನೋಡಿದೆ. ಅಲ್ಲಿ ನಾಲ್ಕು ಹಂತಗಳಿದ್ದವು. ಓಟ ಚುರುಕಾಗಿತ್ತು, ಸದ್ದೂ ಬೇರೆ. 'ಇದು ಡೂಪ್ಲಿಕೇಟ್ ಕಣೋ' ಎಂದೆ. ಡೂಪ್ಲಿಕೇಟ್ ಆಗಿದ್ದದ್ದು ನನ್ನ ಬಾಲ್ಯದ ಆಟ ಎಂದು ತಿಳಿಯಲು ಒಂದಿಷ್ಟು ಓದಬೇಕಾಯಿತು.

ಡಾಂಕಿ ಕಾಂಗ್ ಹುಟ್ಟಿದ್ದು 1981ರಲ್ಲಿ, ಜಪಾನಿನ ನಿಂಟೆಂಡೊ ಕಂಪನಿಯಲ್ಲಿ. ಅದು ಮನೆಯ ಟಿ.ವಿ.ಗೆ ಮಾಡಿದ ಆಟವಲ್ಲ. ನಾಣ್ಯ ಹಾಕಿ, ನಿಂತು ಆಡುವ ಆಳೆತ್ತರದ ಪೆಟ್ಟಿಗೆಯ ಆಟ. ಇವನ್ನೇ ಆರ್ಕೇಡ್ ಆಟಗಳೆನ್ನುತ್ತಾರೆ. ಪ್ರತಿ ಪೆಟ್ಟಿಗೆಯೊಳಗೆ ಆ ಆಟಕ್ಕೆಂದೇ ಮಾಡಿದ ಸರ್ಕ್ಯೂಟ್ ಬೋರ್ಡ್, ಚಿಪ್ಪುಗಳು, ಚಿತ್ರನಳಿಕೆಯ ಪರದೆ ಇರುತ್ತಿದ್ದವು. ಗೆಳೆಯನ ಕಂಪ್ಯೂಟರಿನಲ್ಲಿ ಇದ್ದದ್ದು ಈ ಪೆಟ್ಟಿಗೆಯನ್ನು ಅನುಕರಿಸುವ ತಂತ್ರಾಂಶ, ಅಂದರೆ ಎಮ್ಯುಲೇಟರ್. ಅದು ಆಟವನ್ನು ಹೊಸದಾಗಿ ಬರೆಯುವುದಿಲ್ಲ. ಹಳೆಯ ಚಿಪ್ಪುಗಳ ವೇಷ ಕಟ್ಟುತ್ತದೆ. ಮೂಲ ಬೋರ್ಡಿನಿಂದ ತೆಗೆದ ಪ್ರೋಗ್ರಾಂ ತಾನು ಹಳೆಯ ಯಂತ್ರದಲ್ಲೇ ಇದ್ದೇನೆಂದು ನಂಬಿ ಓಡುತ್ತದೆ. ಇಂಥವುಗಳಲ್ಲಿ ಹೆಸರಾದ 'ಮೇಮ್' ತಂತ್ರಾಂಶವನ್ನು ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರುವರಿಯಲ್ಲಿ ಹೊರತಂದರು.

ಹಾಗಾದರೆ ವೇಷ ಎಷ್ಟು ಪಕ್ಕಾ ಇರಬೇಕು? ಒಂದು ಉದಾಹರಣೆ ನೋಡೋಣ. 1978ರಲ್ಲಿ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್ವೇಡರ್ಸ್' ಮಾಡಿದರು. ಸಾಲಿಗೆ 11ರಂತೆ ಐದು ಸಾಲು, ಒಟ್ಟು 55 ಶತ್ರುಗಳು. ಯಂತ್ರ ಸೆಕೆಂಡಿಗೆ ಸುಮಾರು 60 ಚಿತ್ರ ತೋರಿಸುತ್ತದೆ. ಆದರೆ ಒಂದು ಚಿತ್ರಕ್ಕೆ ಒಬ್ಬ ಶತ್ರುವನ್ನಷ್ಟೇ ಸರಿಸುತ್ತದೆ. 55 ಮಂದಿಯೂ ಒಂದು ಹೆಜ್ಜೆ ಇಡಲು ಸುಮಾರು ಒಂದು ಸೆಕೆಂಡ್ ಬೇಕು. ಅರ್ಧದಷ್ಟು ಮಂದಿ ಸತ್ತರೆ ಅರ್ಧ ಸೆಕೆಂಡ್ ಸಾಕು. ಕೊನೆಗೆ ಉಳಿದ ಒಬ್ಬ ಪ್ರತಿ ಚಿತ್ರಕ್ಕೂ ಹೆಜ್ಜೆ ಹಾಕುತ್ತಾ ಎದೆ ನಡುಗುವಂತೆ ಓಡುತ್ತಾನೆ. ಯಂತ್ರದ ಬಡತನದಿಂದ ಹುಟ್ಟಿದ ಈ ವೇಗವನ್ನು ನಿಶಿಕಾಡೊ ಹಾಗೆಯೇ ಉಳಿಸಿಕೊಂಡರು. ಆಟದ ರೋಚಕತೆಯೇ ಅದಾಯಿತು. ಯಂತ್ರದ ನಿಧಾನವನ್ನು 'ಸರಿಪಡಿಸಿ' ನಕಲು ಮಾಡಿದರೆ ಆಟ ಸತ್ತಂತೆ.

ಇನ್ನೊಂದು, 1980ರ 'ಪ್ಯಾಕ್‌ಮ್ಯಾನ್'. ಅದು ಹಂತದ ಸಂಖ್ಯೆಯನ್ನು ಇಡುವ ಜಾಗ 255ರವರೆಗೆ ಮಾತ್ರ ಎಣಿಸಬಲ್ಲದು. 256ನೇ ಹಂತಕ್ಕೆ ಬಂದರೆ ಲೆಕ್ಕ ತಪ್ಪಿ, ಪರದೆಯ ಬಲ ಅರ್ಧ ಅಕ್ಷರ, ಅಂಕಿಗಳ ಕಸವಾಗಿಬಿಡುತ್ತದೆ. ಒಳ್ಳೆಯ ಎಮ್ಯುಲೇಟರಿನಲ್ಲಿ ಈ ಕಸವೂ ಹಾಗೆಯೇ ಬರಬೇಕು. ಬಾರದಿದ್ದರೆ ವೇಷದಲ್ಲಿ ಏನೋ ಊನವಿದೆ ಎಂದರ್ಥ.

ಇದೆಲ್ಲ ಹುಡುಗಾಟದ ಸೂಕ್ಷ್ಮ ಎನ್ನಬೇಡಿ. ಒಬ್ಬ ಮನುಷ್ಯನ ಕೀರ್ತಿಯೇ ಇದರ ಮೇಲೆ ನಿಂತ ಪ್ರಸಂಗವಿದೆ. ಡಾಂಕಿ ಕಾಂಗ್‌ನಲ್ಲಿ ಹತ್ತು ಲಕ್ಷ ಮೀರಿದ ಅಂಕ ಗಳಿಸಿ ಹೆಸರಾಗಿದ್ದವರು ಅಮೆರಿಕದ ಬಿಲ್ಲಿ ಮಿಚೆಲ್. ಅಂಥ ದಾಖಲೆ ಮೂಲ ಯಂತ್ರದಲ್ಲೇ ಆಗಿರಬೇಕೆಂಬುದು ನಿಯಮ. ಎಮ್ಯುಲೇಟರಿನಲ್ಲಿ ಆಟವನ್ನು ನಡುವೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಆಡಲು ಸಾಧ್ಯವಿರುವುದೇ ಕಾರಣ. 2018ರಲ್ಲಿ ಕೆಲವರು ಅವರ ಆಟದ ವಿಡಿಯೋಗಳನ್ನು ಚಿತ್ರಚಿತ್ರವಾಗಿ ಬಿಡಿಸಿ ನೋಡಿದರು. ಮೂಲ ಯಂತ್ರದಲ್ಲಿ ಪ್ರೋಗ್ರಾಂ ಹೊಸ ಹಂತವನ್ನು ಬರೆಯುತ್ತಿರುವಾಗಲೇ ಚಿತ್ರನಳಿಕೆ ಗೆರೆಗೆರೆಯಾಗಿ ಅದನ್ನು ತೋರಿಸುತ್ತದೆ. ಹೀಗಾಗಿ ಚಿತ್ರ ಜಾರುಬಾಗಿಲಿನಂತೆ ಒಂದು ಪಕ್ಕದಿಂದ ತೆರೆದುಕೊಳ್ಳುತ್ತದೆ. ಅಂದಿನ ಮೇಮ್ ಇಡೀ ಚಿತ್ರ ಸಿದ್ಧಮಾಡಿ ಒಮ್ಮೆಲೇ ತೋರಿಸುತ್ತಿದ್ದರಿಂದ ಹಂತ ತುಂಡು ತುಂಡಾಗಿ ಮೂಡುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ವ್ಯತ್ಯಾಸವಿದು. ಇದನ್ನೇ ಹಿಡಿದು ದಾಖಲೆ ಸಂಸ್ಥೆ ಟ್ವಿನ್ ಗ್ಯಾಲಕ್ಸೀಸ್ ಅದೇ ಏಪ್ರಿಲ್‌ನಲ್ಲಿ ಅವರ ಎಲ್ಲ ಅಂಕಗಳನ್ನು ತೆಗೆದುಹಾಕಿತು. ಮಿಚೆಲ್ ಆರೋಪ ಒಪ್ಪಲಿಲ್ಲ, ನ್ಯಾಯಾಲಯಕ್ಕೆ ಹೋದರು. 2020ರಲ್ಲಿ ಗಿನ್ನೆಸ್ ಅವರ ದಾಖಲೆಗಳನ್ನು ಮರಳಿಸಿತು. 2024ರ ಜನವರಿಯಲ್ಲಿ ರಾಜಿಯಾಗಿ ಟ್ವಿನ್ ಗ್ಯಾಲಕ್ಸೀಸ್ ಕೂಡ ಅವುಗಳನ್ನು ತನ್ನ ಹಳೆಯ ದಾಖಲೆಗಳ ಭಂಡಾರಕ್ಕೆ ಸೇರಿಸಿತು. ಸತ್ಯ ಏನೇ ಇರಲಿ, ನಕಲಿನ ಅಲ್ಪ ವ್ಯತ್ಯಾಸವೂ ಸಾಕ್ಷಿ ನುಡಿಯಬಲ್ಲದು ಎಂಬುದಂತೂ ಖಚಿತವಾಯಿತು.

ಈಗ ನನ್ನ ಜಾತ್ರೆಯ ಪೆಟ್ಟಿಗೆಗೆ ಬರೋಣ. 1983ರಲ್ಲಿ ನಿಂಟೆಂಡೊ ತನ್ನ ಆಟವನ್ನು ಮನೆಯ ಯಂತ್ರಕ್ಕೆ ಇಳಿಸಿದಾಗ ತಾನೇ ಒಂದು ಹಂತ ಬಿಟ್ಟಿತು. ನಾಲ್ಕು ಮೂರಾಗಿದ್ದು ಹಾಗೆ. ಆಮೇಲೆ ಆ ಮನೆಯ ಯಂತ್ರವನ್ನು ಬೇರೆಯವರು ನಕಲು ಮಾಡಿದರು. ನಮ್ಮ ಊರುಗಳಿಗೆ ಬಂದದ್ದು ಈ ನಕಲುಗಳು. ಜಪಾನಿನ ಟಿ.ವಿ. ಸೆಕೆಂಡಿಗೆ ಸುಮಾರು 60 ಚಿತ್ರದ್ದು, ನಮ್ಮದು 50ರದ್ದು. ಆಟ ಚಿತ್ರಕ್ಕೊಂದು ಹೆಜ್ಜೆ ಇಡುವುದರಿಂದ, 50ರ ಟಿ.ವಿ.ಗೆಂದು ಮಾಡಿದ ನಕಲುಗಳಲ್ಲಿ 50 ಸೆಕೆಂಡಿನ ರಾಗ 60 ಸೆಕೆಂಡ್ ಹಿಡಿಯುತ್ತಿತ್ತು. ಕೆಲವು ನಕಲು ಚಿಪ್ಪುಗಳಲ್ಲಿ ಎರಡು ಬಗೆಯ ಸದ್ದುಗಳು ಅದಲುಬದಲಾಗಿದ್ದವು. ಸಂಗೀತದ ಮಾತಿನಲ್ಲಿ ಹೇಳುವುದಾದರೆ ಶ್ರುತಿ ಹೆಚ್ಚುಕಡಿಮೆ ಅದೇ, ನಡೆ ವಿಳಂಬ, ನಾದದ ಬಣ್ಣ ಬೇರೆ. ನಮ್ಮ ಒಂದು ಪೀಳಿಗೆ ಅದನ್ನೇ ಅಸಲು ಎಂದುಕೊಂಡು ಬೆಳೆಯಿತು.

ಸಂಗೀತದ ಮಾತು ಬಂತು. ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ಒಂದು ಸಣ್ಣ ನೂಲೆಳೆ ಇಡುತ್ತಾರೆ. ಗೊತ್ತಿಲ್ಲದವರಿಗೆ ಅದು ಎಬ್ಬಿಸುವ ಝೇಂಕಾರ ತಂತಿಯ ದೋಷದಂತೆ ಕೇಳಬಹುದು. ಬಲ್ಲವರು ಅದನ್ನು ಜೀವ ಎನ್ನುತ್ತಾರೆ. ಬೆಂಗಳೂರಿನಲ್ಲೇ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿತು. ಅಲ್ಲಿಯೂ ಸವಾಲು ಇದೇ ತಾನೇ? ಸ್ವರ ಹಿಡಿಯುವುದು ಸುಲಭ, ಆ ನೂಲೆಳೆಯನ್ನು ಹಿಡಿಯುವುದು ಕಷ್ಟ.

ನಕಲು ಬೇಡವೇ ಬೇಡ, ಅಸಲನ್ನೇ ಇಟ್ಟುಕೊಳ್ಳೋಣ ಎನ್ನಬಹುದು. ಆದರೆ ಅಸಲು ಸಾಯುತ್ತಿದೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಿಂದ ತಂದ ಒಂದು ಬಗೆಯ ಬೋರ್ಡುಗಳಲ್ಲಿ ಆಟ ಗುಪ್ತಲಿಪಿಯಲ್ಲಿತ್ತು. ಅದನ್ನು ಬಿಡಿಸುವ ಕೀಲಿ ಒಂದು ಬ್ಯಾಟರಿಯ ಆಸರೆಯಲ್ಲಿತ್ತು. ಬ್ಯಾಟರಿ ಮುಗಿದರೆ ಕೀಲಿ ಅಳಿಸಿಹೋಗಿ ಬೋರ್ಡೇ ನಿಷ್ಪ್ರಯೋಜಕ. 2007ರಲ್ಲಿ ಸಾಲ್ಮೋರಿಯಾ ಮತ್ತು ಆಂಡ್ರಿಯಾಸ್ ನೈವ್ ಎಂಬುವರು ಆ ಗುಪ್ತಲಿಪಿಯನ್ನು ಭೇದಿಸಿದ್ದರಿಂದಲೇ ಆ ಆಟಗಳಿಗೆ ಎಮ್ಯುಲೇಟರಿನಲ್ಲಿ ಗಟ್ಟಿ ನೆಲೆ ಸಿಕ್ಕಿತು. ಚಿತ್ರನಳಿಕೆಗಳಂತೂ ಈಗ ಗುಜರಿ ಸೇರಿವೆ. ನಾಳೆ ಅಸಲು ಉಳಿಯದಿದ್ದಾಗ ನಕಲೇ ಸಾಕ್ಷಿ. ಸಾಕ್ಷಿ ಸುಳ್ಳಾಡಬಾರದಲ್ಲವೇ?

ಆದ್ದರಿಂದ ಮಿತ್ರರೇ, ನಿಮ್ಮ ಅಟ್ಟದಲ್ಲಿ ಹಳೆಯ ಟಿ.ವಿ. ಗೇಮ್ ಇದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಿ. ಅದು ನಕಲೇ ಇರಬಹುದು. ಆದರೆ ಈ ಸೀಮೆಯ ಮಕ್ಕಳು ಏನನ್ನು ನೋಡಿದರು, ಏನನ್ನು ಕೇಳಿದರು ಎಂಬುದಕ್ಕೆ ಅದೇ ಅಸಲು. ನನ್ನ ಪೆಟ್ಟಿಗೆ ಎಲ್ಲಿ ಹೋಯಿತೆಂದು ಮೊನ್ನೆ ಅಮ್ಮನನ್ನು ಕೇಳಿದೆ. 'ಪಾತ್ರೆಯವನಿಗೆ ಹಾಕಿದೆ ಕಣಪ್ಪ' ಎಂದರು.